ನಮ್ಮ ಹಾಳೆ ಓದುವವರು



ಕಾಲೇಜು ಹುಡುಗರು, ಹಳ್ಳಿ ಶಾಲೆಯ ಒಬ್ಬಿಬ್ಬರು ಮಾಸ್ತರರು ನಮ್ಮನ್ನು ಕೇಳುತ್ತಿರುತ್ತಾರೆ: ಪತ್ರಿಕಿ ಹೆಂಗ ಶುರು ಮಾಡಿದ್ರಿ? ಓದೋರನ್ನ ಎಲ್ಲಿಂದ ತಂದ್ರಿ? ಒಬ್ಬೊಬ್ಬರಿಗೂ ಬಸ್ ಸ್ಟ್ಯಾಂಡಿನಲ್ಲಿ ನಿಂತು ಉತ್ತರ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಪತ್ರಿಕೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಜಾಹೀರಾತು ಅಂದೀರಿ. ನಿಜ ಹೇಳಬೇಕೆಂದರೆ ಅದು ಪತ್ರಿಕೆಯೂ ಅಲ್ಲ, ಒಂದು ಹಾಳೆ.

ನಮ್ಮಂಥವರಿಗೆ ಈ ಹುಚ್ಚು ಹತ್ತುವುದು ಇನ್ನೊಬ್ಬರ ಬಾಗಿಲು ಮುಚ್ಚಿದಾಗ. 1920ರ ಜನವರಿ 31ರಂದು ಬಾಬಾಸಾಹೇಬರು ಮುಂಬಯಿಯಲ್ಲಿ 'ಮೂಕನಾಯಕ' ಪಾಕ್ಷಿಕ ಹೊರಡಿಸಿದರು. ಕೊಲ್ಹಾಪುರದ ಶಾಹು ಮಹಾರಾಜರು 2500 ರೂಪಾಯಿ ಕೊಟ್ಟಿದ್ದರು. ಬಾಬಾಸಾಹೇಬರು ಆಗ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರೊಫೆಸರು, ಸರಕಾರಿ ಚಾಕರಿ. ಅದಕ್ಕೇ ಸಂಪಾದಕರೆಂದು ಪಾಂಡುರಂಗ ನಂದರಾಮ ಭಟ್ಕರರ ಹೆಸರು. ಇಂಥದೊಂದು ಪತ್ರಿಕೆ ಬರುತ್ತದೆ ಎಂಬ ಜಾಹೀರಾತನ್ನು ರೊಕ್ಕ ಕೊಡುತ್ತೇವೆಂದರೂ 'ಕೇಸರಿ' ಹಾಕಿಕೊಳ್ಳಲಿಲ್ಲ. ನಮ್ಮ ರೊಕ್ಕಕ್ಕೂ ಮೈಲಿಗೆ! ಅದೇ ವರ್ಷ ಅವರು ಓದು ಮುಗಿಸಲು ಲಂಡನ್ನಿಗೆ ಹೋದರು, ಪತ್ರಿಕೆ ಬೇರೆಯವರ ಕೈಗೆ ಬಂತು, 1923ರ ಹೊತ್ತಿಗೆ ನಿಂತಿತು. 1927ರ ಮಾರ್ಚಿನಲ್ಲಿ ಮಹಾಡದ ಕೆರೆಯ ನೀರು ಮುಟ್ಟಿದ ಎರಡೇ ವಾರಕ್ಕೆ, ಏಪ್ರಿಲ್ 3ರಂದು, 'ಬಹಿಷ್ಕೃತ ಭಾರತ' ಎಂದು ಮತ್ತೊಂದು ಹೊರಡಿಸಿದರು. ನಿಂತಿತು ಎಂಬುದೂ, ಮತ್ತೊಂದು ಹೊರಡಿಸಿದರು ಎಂಬುದೂ ನಮಗೆ ಧೈರ್ಯ ಕೊಟ್ಟ ಮಾತುಗಳು. ಮಧ್ಯದಲ್ಲಿ ನಿಂತರೆ ಏನು ಮಾಡೂದು ಅಂತ ಕೇಳುವ ಹುಡುಗರಿಗೆ ಇದನ್ನೇ ಹೇಳುತ್ತೇವೆ.

ಕನ್ನಡದಲ್ಲೂ ಇದೇ ಆಯಿತು. 1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿರೆಂದರೆ ಕೊಡಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಎದ್ದು ನಿಂತಿತು. ಅದಕ್ಕೂ ಮೊದಲೇ, 1964ರಿಂದ ಧಾರವಾಡದ 'ಸಂಕ್ರಮಣ', 1973ರಿಂದ ಬೆಂಗಳೂರಿನ 'ಶೂದ್ರ', ಎಪ್ಪತ್ತರ ದಶಕದಲ್ಲಿಯೇ ಮೈಸೂರಿನ 'ಪಂಚಮ' ಇದ್ದವು. ನಮ್ಮ ನಾಲ್ಕು ತಾಲೂಕಿಗೆ ಅಂಥವು ಬರುತ್ತಿದ್ದುದು ಹೊರಗೆ ಓದಿ ಬಂದ ಮಾಸ್ತರರ ಚೀಲದಲ್ಲಿ ಎಂದು ಹಿರಿಯರು ಹೇಳುತ್ತಾರೆ. 1948ರ ಸೆಪ್ಟೆಂಬರ್ ತನಕ ನಾವು ನಿಜಾಮನ ಸೀಮೆ. ಕಚೇರಿ ಉರ್ದು, ಶಾಲೆಯೂ ಉರ್ದು. ಊರಿಗೇ ಕನ್ನಡ ಅಕ್ಷರ ತಡವಾಗಿ ಬಂದ ನಾಡಿನಲ್ಲಿ ಕೇರಿಗೆ ಯಾವಾಗ ಬಂದೀತು ಲೆಕ್ಕ ಹಾಕಿರಿ.

ಇನ್ನು ನಮ್ಮ ಬಾಗಿಲು. ನಾವು ನಾಲ್ಕು ಮಂದಿ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಒಂದೊಂದು ಕಡೆಯವರು. ನಾಲ್ಕೂ ಮನೆಗಳಿಗೆ ಡಿಗ್ರಿ ಎಂಬ ಕಾಗದ ಮೊದಲು ಬಂದದ್ದು ನಮ್ಮಿಂದ. ಎಲ್ಲರೂ ಕವಿತೆ ಬರೆಯುತ್ತಿದ್ದೆವು. ಒಂದು ದೊಡ್ಡ ಪತ್ರಿಕೆಯ ಭಾನುವಾರದ ಪುರವಣಿಗೆ ಕಳಿಸಿದ ಕವಿತೆ ಅಚ್ಚಾಗಿ ಬಂತು. ಕುಣಿದಾಡಿ ಓದಿದರೆ ಕವಿತೆಯೊಳಗಿನ 'ಸತ್ತ ಎಮ್ಮಿ' ಹೋಗಿ 'ಮುದಿ ಎಮ್ಮೆ' ಆಗಿತ್ತು! ಓದುಗರಿಗೆ ಅಸಹ್ಯವಾಗಬಾರದೆಂದು ಬದಲಿಸಿದರಂತೆ. ಮುದಿ ಎಮ್ಮಿ ಧಣ್ಯಾರ ಕೊಟ್ಟಿಗ್ಯಾಗ ಇರತೈತಿ. ಸತ್ತ ಮ್ಯಾಲೆ ಅದು ನಮ್ಮ ಕೇರಿಗೆ ಬರತೈತಿ. ಆ ಒಂದು ಶಬ್ದ ತೆಗೆದರೆ ನಮ್ಮ ಮುತ್ತ್ಯಾನ ಇಡೀ ಬದುಕು ಕವಿತೆಯಿಂದ ಎದ್ದು ಹೋಗತೈತಿ.

ಎರಡನೆಯ ಕಾರಣ ಇನ್ನೂ ದೊಡ್ಡದು. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ, ಮಳೆ ಬಂತೆಂದು ಗುಡಿಯೊಳಗೆ ಓಡಿದ ಎರಡು ವರ್ಷದ ಕೂಸಿನ ಮನೆಯವರಿಗೆ ಶುದ್ಧಿಯ ಹೆಸರಿನಲ್ಲಿ 25 ಸಾವಿರ ರೂಪಾಯಿ ದಂಡ ಹೇಳಿದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ನಮ್ಮದೇ ಜಿಲ್ಲೆಯ ಆ ಸುದ್ದಿ ನಮಗೆ ತಿಳಿದದ್ದು ವಾರಗಳು ಕಳೆದ ಮೇಲೆ, ಹೊರಗಿನ ಪೇಪರುಗಳನ್ನು ಓದಿ. ಒಂದು ಕೇರಿಯ ನೋವು ಇನ್ನೊಂದು ಕೇರಿಗೆ ಮುಟ್ಟಬೇಕಾದರೆ ಡೆಲ್ಲಿ ಸುತ್ತಿ ಬರಬೇಕೇನು? ಮರುವರ್ಷ ಹಾಳೆ ಶುರುವಾಯಿತು.

ಎ-ತ್ರೀ ಅಳತೆಯ ಒಂದೇ ಹಾಳೆ, ಎರಡೂ ಬದಿ ಬರಹ, ನಡುವೆ ಮಡಚಿದರೆ ನಾಲ್ಕು ಪುಟ. ಡಿಟಿಪಿ ಇಲ್ಲ. ಕುಷ್ಟಗಿಯ ಗೆಳತಿಯ ಕೈಬರಹ ಶಾಲೆಯ ಕರಿಹಲಗೆಯ ಅಕ್ಷರದಂತೆ ದುಂಡಗೆ ದೊಡ್ಡದಾಗಿ ಇರುತ್ತದೆ. ನಾಲ್ಕನೇತ್ತೆಗೆ ಶಾಲೆ ಬಿಟ್ಟವರೂ ಕೂಡಿಸಿಕೊಂಡು ಓದಬಲ್ಲರು. ಎರಡು ಬದಿ ಜೆರಾಕ್ಸ್‌ಗೆ ಹತ್ತು ರೂಪಾಯಿ. ಮೊದಲ ಸಲ 40 ಪ್ರತಿ, ತಲೆಗೆ ನೂರು ರೂಪಾಯಿ. ನಾಲ್ವರಲ್ಲಿ ಒಬ್ಬ ಅಕ್ಕಿ ಮಿಲ್ಲಿನಲ್ಲಿ ಹಮಾಲಿ ಮಾಡಿ ತನ್ನ ನೂರು ತಂದ. ರೊಕ್ಕದ ಮಾತು ಇಷ್ಟೇ.

ಕಾನೂನಿನ ಮಾತೂ ಹೇಳಿಬಿಡುತ್ತೇವೆ, ಹುಡುಗರು ಹೆದರುತ್ತಾರೆ. 1867ರ ಬ್ರಿಟಿಷ್ ಕಾಯಿದೆ ಹೋಗಿ, ನಿಯತಕಾಲಿಕಗಳ ನೋಂದಣಿಗೆ 2023ರ ಹೊಸ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಗೊತ್ತಾದ ಅವಧಿಗೊಮ್ಮೆ ಸುದ್ದಿ ಹೊತ್ತು ಬರುವ ಪತ್ರಿಕೆ ಮಾಡುವವರು ಅದನ್ನು ಓದಿ ನೋಂದಾಯಿಸಿಕೊಳ್ಳಲೇಬೇಕು. ನಮ್ಮದು ವಾರವಲ್ಲ, ತಿಂಗಳಲ್ಲ. ರೊಕ್ಕ ಕೂಡಿದಾಗ, ಮಾತು ಕೂಡಿದಾಗ ಬರುವ ಹಾಳೆ.

ಈಗ ಓದುಗರು. ಬೆಂಗಳೂರಿನ ಸಾಹಿತಿ ಮಿತ್ರರೊಬ್ಬರು, ನಿಮ್ಮ ಓದುಗ ಯಾರು ಎಂದು ಮೊದಲೇ ನಿರ್ಧರಿಸಿಕೊಳ್ಳಿ ಎಂದರು. ಒಳ್ಳೆಯ ಮಾತೇ. ಆದರೆ 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಅಕ್ಷರಸ್ಥರು ನೂರಕ್ಕೆ ಸುಮಾರು 68, ಹೆಂಗಸರಲ್ಲಿ 58ಕ್ಕೂ ಕಡಿಮೆ. ಕೇರಿಯ ಲೆಕ್ಕ ಬೇರೆ ಹೇಳಬೇಕಾಗಿಲ್ಲ. ಯಾರಿಗಾಗಿ ಬರೆಯುತ್ತೇವೋ ಅವರಲ್ಲಿ ಬಹಳ ಮಂದಿಗೆ ಓದು ಬಾರದು. ಅವರು ನಮ್ಮ ಓದುಗರೋ ಅಲ್ಲವೋ?

ನಮ್ಮಲ್ಲಿ ಒಬ್ಬನ ಅಪ್ಪ ಹಲಗಿ ಬಡಿದು ಡಂಗುರ ಸಾರುತ್ತಿದ್ದ. ಕಂದಾಯ ಕಟ್ಟುವ ದಿನ, ಜಾತ್ರೆಯ ದಿನ, ದನ ತಪ್ಪಿಸಿಕೊಂಡ ಸುದ್ದಿ. ಸುದ್ದಿ ಊರಿನದು, ಗಂಟಲು ಕೇರಿಯದು. ನಲವತ್ತು ವರ್ಷ ಆ ಮನುಷ್ಯ ಊರಿಗೆಲ್ಲ ಪತ್ರಿಕೆಯಾಗಿ ತಿರುಗಿದ. ತನ್ನ ಮನೆಯ ಒಂದು ಸುದ್ದಿಯನ್ನೂ ಆ ಹಲಗಿಯ ಮೇಲೆ ಸಾರಲಿಲ್ಲ.

ಕೊಪ್ಪಳದ ಗವಿಮಠದ ಗುಡ್ಡದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. 1931ರಲ್ಲಿ ಬೆಳಕಿಗೆ ಬಂದವು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಪ್ರಯತ್ನ ಮಾಡಿದರೆ ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಧರ್ಮದ ಫಲ ಪಡೆಯಬಲ್ಲರು ಎಂಬ ಅರ್ಥದ ಮಾತು ಅದರಲ್ಲಿದೆ. ಆಗ ಈ ಸೀಮೆಯ ದನ ಕಾಯುವವರಿಗೆ ಆ ಲಿಪಿ, ಆ ಭಾಷೆ ಎಲ್ಲಿ ತಿಳಿದಿದ್ದೀತು? ಯಾರೋ ಗಟ್ಟಿಯಾಗಿ ಓದಿ ಹೇಳಿರಬೇಕು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಶಾಸನದಲ್ಲಂತೂ ಭೇರಿ ಬಾರಿಸಿ ಹಳ್ಳಿಯ ಜನಕ್ಕೆ ತಿಳಿಸಬೇಕೆಂಬ ಅಪ್ಪಣೆಯೇ ಇದೆ. ಬಂಡೆಯ ಮೇಲೆ ಕೊರೆಸಿದ ಚಕ್ರವರ್ತಿಗೂ ಕೊನೆಗೆ ಹಲಗಿಯೇ ಗತಿ. ಇದನ್ನು ತಿಳಿದ ಮೇಲೆ ಪ್ರತಿಗಳ ಲೆಕ್ಕ ಬಿಟ್ಟೆವು. ಪ್ರತಿಯೊಂದು ಕೇರಿಗೂ ಗಟ್ಟಿಯಾಗಿ ಓದಿ ಹೇಳುವ ಒಬ್ಬ ಹುಡುಗ ಅಥವಾ ಹುಡುಗಿಯನ್ನು ಹುಡುಕಿದೆವು. ಹೈಸ್ಕೂಲು ಓದುವ ಮಕ್ಕಳು, ಒಬ್ಬ ಅಂಗನವಾಡಿ ಅಕ್ಕ, ಗಂಗಾವತಿಯಲ್ಲಿ ಕ್ಷೌರದಂಗಡಿ ಇಟ್ಟ ಒಬ್ಬ ಅಣ್ಣ. ಸರಕಾರಿ ಬಸ್ಸಿನ ಕಂಡಕ್ಟರ್ ಅಣ್ಣ ಒಬ್ಬರು ಕಟ್ಟು ಒಯ್ದು ಊರೂರಿಗೆ ಇಳಿಸುತ್ತಾರೆ. ಅವರಿಗೆ ಕವಿತೆ ಅಂದರೆ ಆಗುವುದಿಲ್ಲ, 'ಅದೊಂದು ಬಿಟ್ಟು ಉಳಿದದ್ದು ಛಲೋ ಐತಿ ನೋಡ್ರಿ' ಅನ್ನುತ್ತಾರೆ.

ಜನ ನಿಜವಾಗಿ ಹಾಳೆಗಾಗಿ ಕಾಯತೊಡಗಿದ್ದು ಕೂಲಿ ಲೆಕ್ಕದಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಲಬುರ್ಗಾ, ಕುಷ್ಟಗಿ ಮಳೆ ನಂಬಿದ ಒಣ ಸೀಮೆ. ಗಂಗಾವತಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಸೀಮೆ, ಭತ್ತದ ಕಣಜ. ನಾಟಿಯ ಕಾಲಕ್ಕೆ ಒಣ ಸೀಮೆಯ ಹೆಂಗಸರು ನಸುಕಿನಲ್ಲಿ ಟಂಟಂ ಹತ್ತಿ ನೀರಿನ ಸೀಮೆಗೆ ಹೋಗುತ್ತಾರೆ. ಎಕರೆಗೆ ಇಷ್ಟು ಎಂದು ಗುತ್ತಿಗೆ. ಮಾತಾಡುವವನು ಮೇಸ್ತ್ರಿ. ಪಕ್ಕದ ಊರಿನ ಗದ್ದೆಯಲ್ಲಿ ಎಕರೆಗೆ ಎಷ್ಟು ಕೊಟ್ಟರು ಎಂಬುದು ಈ ಗದ್ದೆಯಲ್ಲಿ ಬಗ್ಗಿ ನಿಂತವರಿಗೆ ತಿಳಿಯದು. ತಿಳಿಯದೆ ಇರುವುದರಲ್ಲಿಯೇ ಮೇಸ್ತ್ರಿಯ ಲಾಭ ಇರುವುದು. ನಾವು ಮೂರನೆಯ ಹಾಳೆಯಲ್ಲಿ ಒಂದು ಚೌಕ ಹಾಕಿ, ಊರಿನ ಹೆಸರು, ಕೆಲಸ, ಕೊಟ್ಟ ಕೂಲಿ ಅಂತ ಸಾಲುಸಾಲಾಗಿ ಬರೆದೆವು. ನಾಟಿ, ಕಳೆ, ಶೇಂಗಾ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು. ಹೆಣ್ಣಾಳಿಗೆ ಎಷ್ಟು, ಗಂಡಾಳಿಗೆ ಎಷ್ಟು. ಮೇಲೆ ಒಂದು ಸಾಲು ಸರಕಾರಿ ಕೂಲಿಯದು. 2024-25ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 349 ರೂಪಾಯಿ ಇತ್ತು, ಹೆಣ್ಣಿಗೂ ಅಷ್ಟೇ, ಗಂಡಿಗೂ ಅಷ್ಟೇ. ಆ ವರ್ಷದ ಹಾಳೆಯಲ್ಲಿ ಆ ಅಂಕಿಯನ್ನು ಎರಡು ಸಲ ಬರೆದೆವು, ಒಂದರ ಪಕ್ಕ ಒಂದು.

ಹತ್ತು ಕವಿತೆ ಮಾಡದ ಕೆಲಸವನ್ನು ಆ ಚೌಕ ಮಾಡಿತು. ಕವಿಗಳಾದ ನಮಗೆ ಇದು ಸ್ವಲ್ಪ ಚುಚ್ಚಿದ್ದು ಸುಳ್ಳಲ್ಲ! ಅಕ್ಷರ ಬಾರದ ಹೆಂಗಸರಿಗೂ ಅಂಕಿ ಬರುತ್ತದೆ. ಬಸ್ಸಿನ ನಂಬರು, ರೊಕ್ಕದ ನೋಟು ನೋಡಿ ಕಲಿತದ್ದು. ಒಬ್ಬ ಚಿಗವ್ವ ಹಾಳೆಯನ್ನು ನಾಲ್ಕಾಗಿ ಮಡಚಿ ಎಲೆ ಅಡಿಕೆಯ ಚೀಲದಲ್ಲಿ ಇಟ್ಟುಕೊಂಡು, ಮೇಸ್ತ್ರಿಯ ಮುಂದೆ ಬಿಚ್ಚಿ ಬೆರಳಿಟ್ಟು, 'ಯಪ್ಪಾ, ಇದೇನು ಬರದಾರ ಓದಿ ಹೇಳು' ಅಂದಳಂತೆ. ಆಕೆಗೆ ಚೆನ್ನಾಗಿ ಗೊತ್ತಿತ್ತು ಏನು ಬರೆದಿದೆ ಅಂತ. ಅವನ ಬಾಯಿಂದಲೇ ಓದಿಸಬೇಕಾಗಿತ್ತು.

ಆಮೇಲೆ ಬಂದದ್ದು ಒತ್ತಡ. ನಾವು ಜೆರಾಕ್ಸ್ ಮಾಡಿಸುತ್ತಿದ್ದ ಅಂಗಡಿಯವನು ಒಂದು ದಿನ, 'ತಮ್ಮಾ, ಮಷಿನ್ ಕೆಟ್ಟೈತಿ' ಅಂದ. ಮಷಿನ್ ಬೇರೆ ಯಾರದೋ ಆಧಾರ್ ಕಾರ್ಡು ತೆಗೆಯುತ್ತಿತ್ತು. ಅವನ ಮೇಲೆ ಸಿಟ್ಟಿಲ್ಲ, ಅವನೂ ಬಾಡಿಗೆಯ ಅಂಗಡಿಯಲ್ಲಿ ಕುಂತವನು. ಹಾಳೆ ಅಲ್ಲಿಂದ ಬೇರೆ ಊರಿಗೆ ಹೋಯಿತು, ಬಸ್ ಚಾರ್ಜು ಹೆಚ್ಚಾಯಿತು. ಹಾಳೆಯನ್ನು ಮಕ್ಕಳಿಗೆ ಓದಿಸಿದ ಮಾಸ್ತರರೊಬ್ಬರನ್ನು ಮೇಲಿನವರು ಕರೆದು ಕೇಳಿದರು. ಅವರು, 'ಸರ್, ಗಣಿತ ಕಲಸಾಕ್ಹತ್ತೀನ್ರಿ' ಅಂದು ಬಂದರು.

ಇನ್ನೊಂದು ಹಾಳೆಯ ಮಾತು ನಾಲ್ವರಲ್ಲಿ ಇವತ್ತಿಗೂ ಜಗಳ ಎಬ್ಬಿಸುತ್ತದೆ. ಒಂದು ಊರಿನ ಚಾದಂಗಡಿಯಲ್ಲಿ ಊರವರಿಗೆ ಗಾಜಿನ ಗ್ಲಾಸು, ನಮ್ಮವರಿಗೆ ಪ್ಲಾಸ್ಟಿಕ್ ಕಪ್ಪು. ಹಳೆಯ ಎರಡು ಗ್ಲಾಸಿನ ಪದ್ಧತಿಯೇ, ಒಗೆದು ಬಿಡುವ ಕಪ್ಪಿನ ಹೊಸ ವೇಷದಲ್ಲಿ. ಕೇಳಿದರೆ, ಇದು ಸ್ವಚ್ಛ ಐತಲ್ಲ ಅನ್ನುತ್ತಾನೆ. ಇದನ್ನು ಹೇಳಿದವಳು ಅದೇ ಊರಿನ ಒಬ್ಬ ದೊಡ್ಡವ್ವ. ನಾವು 'ಒಬ್ಬ ಮಹಿಳೆ' ಎಂದು ಬರೆದುಕೊಂಡು ಓದಿ ತೋರಿಸಿದೆವು. ಆಕೆ ಕೇಳಿದಳು:

'ನನ್ನ ಹೆಸರು ಎಲ್ಲೈತಿ?'

'ಬ್ಯಾಡ ಬಿಡ ದೊಡ್ಡವ್ವ. ನಾಳೆ ಅವರ ಹೊಲಕ್ಕ ಹೋಗಾಕಿ ನೀನು.'

'ಓಟಿನ ಚೀಟ್ಯಾಗ ನನ್ನ ಹೆಸರು ಐತಿ. ರೇಷನ್ ಕಾರ್ಡಿನ್ಯಾಗ ಐತಿ. ಸಂಘದ ಸಾಲದ ಪುಸ್ತಕದಾಗ ಐತಿ. ನಿಮ್ಮ ಹಾಳ್ಯಾಗ ಯಾಕ ಬ್ಯಾಡೋ? ಹೆಸರಿಲ್ಲದ ಮಾತು ಯಾರ ಮಾತು ಅದು?'

ಇಬ್ಬರು ಹಾಕೋಣ ಅಂದೆವು, ಇಬ್ಬರು ಬೇಡ ಅಂದೆವು. ಹೆಸರು ಆಕೆಯದು, ತೀರ್ಮಾನವೂ ಆಕೆಯದು ಎಂದು ಕೊನೆಗೆ ಹಾಕಿದೆವು. ಮೂರು ವಾರ ಆ ಊರಿನಲ್ಲಿ ಆಕೆಯನ್ನು ಯಾರೂ ಕೂಲಿಗೆ ಕರೆಯಲಿಲ್ಲ. ಪಕ್ಕದ ಊರಿನ ಕೇರಿಯ ಹೆಂಗಸರು, ಆ ಹಾಳೆಯನ್ನು ಓದಿಸಿ ಕೇಳಿದವರು, ತಮ್ಮ ಟಂಟಂನಲ್ಲಿ ಆಕೆಗೆ ಜಾಗ ಮಾಡಿಕೊಟ್ಟರು. ಅವರಿಗೂ ಆಕೆಗೂ ಅದಕ್ಕೆ ಮೊದಲು ಗುರುತು ಇರಲಿಲ್ಲ. ಚಾದಂಗಡಿಯವನು ಈಗ ಎಲ್ಲರಿಗೂ ಪ್ಲಾಸ್ಟಿಕ್ ಕಪ್ಪು ಇಟ್ಟಿದ್ದಾನೆ. ಎಲ್ಲರಿಗೂ ಗಾಜಿನ ಗ್ಲಾಸು ಕೊಡೂದಕ್ಕಿಂತ ಇದು ಅವನಿಗೆ ಹಗುರಾತು. ಆಕೆಯ ಹೆಸರನ್ನು ಇಲ್ಲಿ ಹಾಕಿಲ್ಲ. ಆಕೆ ಅದನ್ನು ನಮ್ಮ ಹಾಳೆಗೆ ಕೊಟ್ಟಿದ್ದಳು, ಈ ಪುಟಕ್ಕಲ್ಲ.

ಬೇಡ ಅಂದಿದ್ದ ಇಬ್ಬರು ಈಗಲೂ ಬೇಡ ಎಂದೇ ವಾದಿಸುತ್ತಾರೆ. ಮೂರು ವಾರದ ಹಸಿವನ್ನು ನಾವು ಉಂಡಿಲ್ಲ, ಆಕೆ ಉಂಡಳು ಎಂಬುದು ಅವರ ಮಾತು. ಅದಕ್ಕೆ ಉತ್ತರ ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಪತ್ರಿಕೆ ಮಾಡುವ ಹುಡುಗರು ಈ ಜಗಳಕ್ಕೆ ತಯಾರಾಗಿಯೇ ಇಳಿಯಬೇಕು.

ಪ್ರತಿಗಳು ಏರಿದ್ದು ಮರಕುಂಬಿಯ ತೀರ್ಪಿನ ಹಾಳೆಯಿಂದ. ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್ 28ರಂದು ದಲಿತರ ಗುಡಿಸಲಿಗೆ ಬೆಂಕಿ ಬಿದ್ದಿತ್ತು. ಹೋಟೆಲು, ಕ್ಷೌರದಂಗಡಿಯ ಬಾಗಿಲಿನ ಹಳೆಯ ಪ್ರಶ್ನೆ ಅದರ ಹಿಂದಿತ್ತು. 117 ಆರೋಪಿಗಳು. ವಿಚಾರಣೆ ಹತ್ತು ವರ್ಷ ನಡೆಯಿತು, ಅಷ್ಟರಲ್ಲಿ 16 ಮಂದಿ ತೀರಿಹೋದರು. 2024ರ ಅಕ್ಟೋಬರ್ 24ರಂದು ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ಕೊಟ್ಟಿತು. ಎರಡು ದಿನ ಟೀವಿಯವರ ಗಾಡಿಗಳು ಬಂದವು, ಹೋದವು. ಕೇರಿಗಳಲ್ಲಿ ಮಾತ್ರ ಪ್ರಶ್ನೆ ಉಳಿದವು: ಜೀವಾವಧಿ ಅಂದ್ರ ಎಷ್ಟು ವರ್ಷ? ಮೂವರಿಗೆ ಯಾಕ ಕಡಿಮಿ? ನಾಳೆ ಅವರು ಹೊರಗ ಬರಬಹುದೇನು? ನಾವು ಒಬ್ಬ ವಕೀಲರ ಮುಂದೆ ಎರಡು ಸಂಜೆ ಕುಂತು, 1989ರ ದೌರ್ಜನ್ಯ ತಡೆ ಕಾಯಿದೆಯನ್ನು ಕೇರಿಯ ಮಾತಿಗೆ ಇಳಿಸಿ ಬರೆದೆವು. ನವೆಂಬರಿನಲ್ಲಿ ಧಾರವಾಡದ ಹೈಕೋರ್ಟ್ ಪೀಠ ಬಹಳಷ್ಟು ಮಂದಿಗೆ ಜಾಮೀನು ಕೊಟ್ಟಾಗ ಮತ್ತೊಂದು ಹಾಳೆ ತಂದೆವು: ಜಾಮೀನು ಅಂದರೆ ಬಿಡುಗಡೆ ಅಲ್ಲ, ಮೇಲ್ಮನವಿ ಅಂದರೆ ಏನು, ಸಾಕ್ಷಿ ಹೇಳಿದವರನ್ನು ಯಾರಾದರೂ ಹೆದರಿಸಿದರೆ ಎಲ್ಲಿಗೆ ಹೋಗಬೇಕು. ಎರಡನೆಯ ಹಾಳೆ ಬರೆಯುವಾಗ ಕೈ ನಡುಗಿತು. ಮೊದಲ ಹಾಳೆ ಓದಿ ಹಲಗಿ ಬಾರಿಸಿದ್ದ ಕೇರಿಗಳಿಗೇ ಇದನ್ನೂ ಒಯ್ದು ಕೊಡಬೇಕಾಗಿತ್ತು. ಕೊಟ್ಟೆವು. ಸಿಹಿ ಸುದ್ದಿ ತಂದವರೇ ಕಹಿ ಸುದ್ದಿಯನ್ನೂ ತಂದರು ಎಂದು ಜನ ನಂಬಿದರು ಅಂತ ಕಾಣುತ್ತದೆ. ನಾವು 180 ತೆಗೆಸಿದ್ದೆವು. ಜನ ತಮ್ಮ ರೊಕ್ಕದಿಂದ ಮತ್ತೆ ಜೆರಾಕ್ಸ್ ಮಾಡಿಸಿ ಹಂಚಿದರು. ಮೂರನೆಯ ಕೈಯ ಜೆರಾಕ್ಸ್, ಅಕ್ಷರ ಮಾಸಿದ್ದು, ಕುಷ್ಟಗಿಯ ಸಂತೆಯಲ್ಲಿ ನಮ್ಮ ಕೈಗೇ ಬಂತು. ಕೊಟ್ಟ ಅಜ್ಜನಿಗೆ ನಾವು ಯಾರೆಂದು ಗೊತ್ತಿರಲಿಲ್ಲ. 'ಓದ್ರಿ ತಮ್ಮಾ, ಓದಿ ಮುಂದ ಕೊಡ್ರಿ' ಅಂದ.

ಓದುಗರು ಹೆಚ್ಚಿದಾಗ ಕೊಳ್ಳುವವರೂ ಬರುತ್ತಾರೆ. 2023ರ ವಿಧಾನಸಭೆ ಚುನಾವಣೆಯ ಹೊತ್ತಿಗೇ ಒಬ್ಬ ಅಭ್ಯರ್ಥಿಯ ಕಡೆಯವರು ಬಂದು, ಐದು ಸಾವಿರ ಪ್ರತಿ ಬಣ್ಣದಲ್ಲಿ ಅಚ್ಚು ಹಾಕಿಸಿ ಕೊಡುತ್ತೇವೆ, ಹಿಂದಿನ ಪುಟದಲ್ಲಿ ಒಂದು ಫೋಟೋ ಅಷ್ಟೇ ಅಂದಿದ್ದರು. ಆ ರಾತ್ರಿ ನಮ್ಮಲ್ಲಿ ಒಬ್ಬ ಐದು ಸಾವಿರ ಎಂಬ ಅಂಕಿಯನ್ನು ಬಾಯಲ್ಲಿ ಬೆಲ್ಲದಂತೆ ಇಟ್ಟುಕೊಂಡೇ ಮಲಗಿದ. ಬೆಳಿಗ್ಗೆ ಎಲ್ಲರೂ ಸೇರಿ ಬೇಡ ಅಂದೆವು. ಬೆಲೆ ಎಂದು ನಾವು ಹಾಳೆಯ ಮೇಲೆ ಏನೂ ಬರೆಯುವುದಿಲ್ಲ. ಐದು ಕೊಡುವವರು ಐದು, ಹತ್ತು ಕೊಡುವವರು ಹತ್ತು. ಒಂದು ಸುಗ್ಗಿಯಲ್ಲಿ ಯಲಬುರ್ಗಾ ಕಡೆಯ ಒಂದು ಕೇರಿ ಅರ್ಧ ಚೀಲ ಸಜ್ಜಿ ಕೊಟ್ಟಿತು. ಮಾರಿ ಬಂದ ರೊಕ್ಕದಲ್ಲಿ ಒಂದು ಹಾಳೆ ಹೊರಬಿತ್ತು.

ಫೋನಿಗೆ ಹಾಕಿದರೆ ಸಾವಿರಾರು ಮಂದಿಗೆ ಮುಟ್ಟತೈತಲ್ಲ, ಜೆರಾಕ್ಸ್ ಯಾಕ ಅನ್ನುವವರಿದ್ದಾರೆ. ಹಾಳೆಯ ಫೋಟೋ ವಾಟ್ಸಾಪಿನಲ್ಲಿ ಹೋಗುತ್ತದೆ, ನಾವು ತಡೆದಿಲ್ಲ. ಆದರೆ ಫೋನಿನಲ್ಲಿ ಬಂದದ್ದನ್ನು ಒಬ್ಬನು ತನ್ನಷ್ಟಕ್ಕೆ ನೋಡಿ ಹೆಬ್ಬೆರಳಿನಿಂದ ಮೇಲೆ ದೂಡುತ್ತಾನೆ. ಪಕ್ಕದಲ್ಲಿ ಕುಂತ ಅವ್ವನಿಗೆ ಓದಿ ಹೇಳುವುದಿಲ್ಲ. ಕಟ್ಟೆಯ ಮೇಲೆ ಹಾಳೆ ಬಿಚ್ಚಿದಾಗ ಮಾತ್ರ ಹತ್ತು ಮಂದಿ ಕೂಡುತ್ತಾರೆ, ಒಬ್ಬರು ಓದುತ್ತಾರೆ, ಉಳಿದವರು ನಡುನಡುವೆ ಬಾಯಿ ಹಾಕುತ್ತಾರೆ. ಆ ಬಾಯಿ ಹಾಕಿದ ಮಾತೇ ಮುಂದಿನ ಹಾಳೆಯ ಬರಹ. ಫೋನು ನಿಜವಾಗಿ ಉಪಯೋಗಕ್ಕೆ ಬಂದದ್ದು ಗುಳೆ ಹೋದವರ ವಿಷಯದಲ್ಲಿ. ಯಲಬುರ್ಗಾದ ಗೆಳೆಯ ಹಾಳೆಯನ್ನು ಮೊದಲಿನಿಂದ ಕೊನೆತನಕ ಗಟ್ಟಿಯಾಗಿ ಓದಿ ದನಿ ಕಳಿಸುತ್ತಾನೆ. ಮಂಗಳೂರಿನ ಕಟ್ಟಡಗಳ ಕೆಳಗೆ, ಗೋವಾದ ತಗಡಿನ ಶೆಡ್ಡುಗಳಲ್ಲಿ ರಾತ್ರಿ ಅಡಿಗೆ ಮಾಡುತ್ತ ನಮ್ಮವರು ಕೇಳುತ್ತಾರೆ. ಡಂಗುರ ಸಾರುತ್ತಿದ್ದವನ ಮಗನೇ ಅವನು. ಕೊನೆಗೆ ಕವಿತೆಯೂ ಒಂದು ಓದುತ್ತಾನೆ, ಕಂಡಕ್ಟರ್ ಅಣ್ಣ ಏನಾದರೂ ಅಂದುಕೊಳ್ಳಲಿ.

ಹಾಗೆ ದನಿ ಕೇಳಿದ ಒಬ್ಬ ತಂಗಿ ಮಂಗಳೂರಿನಿಂದ ಉತ್ತರ ಕಳಿಸಿದ್ದಾಳೆ. ಮಣ್ಣು ಹೊರುತ್ತ ಹತ್ತನೆಯ ತರಗತಿಯ ಪರೀಕ್ಷೆಗೆ ಹೊರಗಿನಿಂದ ಕಟ್ಟಿದವಳು. ಅಲ್ಲಿ ನಮ್ಮ ಕಡೆಯವರಿಗೆ ಬಾಡಿಗೆ ಮನೆ ಕೊಡುವಾಗ ಏನೇನು ಕೇಳುತ್ತಾರೆ ಎಂಬುದನ್ನು ಬರೆದು ಕೊಡುತ್ತೇನೆ, ನನ್ನ ಅಕ್ಷರ ಸೊಟ್ಟ ಐತಿ, ತಿದ್ದಬ್ಯಾಡ್ರಿ ಅಂದಿದ್ದಾಳೆ. ಮುಂದಿನ ಹಾಳೆಯ ಎಡಬದಿಯಲ್ಲಿ ಕೂಲಿ ಲೆಕ್ಕ ಮತ್ತು ಸ್ಮಶಾನದ ಜಾಗ ಕೇಳಿ ಕೊಟ್ಟ ಅರ್ಜಿ ಇವೆ. ಬಲಬದಿ ಆಕೆಗೆ ಬಿಟ್ಟಿದ್ದೇವೆ. ಬರಹ ಇನ್ನೂ ಬಂದಿಲ್ಲ. ಅಮಾಸಿಯ ತನಕ ಕಾಯುತ್ತೇವೆ.